ಹೊಗೆಸೊಪ್ಪಿನ ಮೇಸ್ತ್ರಿ

ಒಣಗಿದ ಹೊಗೆಸೊಪ್ಪು ಬೆರಳ ನಡುವೆ ಸರಸರ ಎನ್ನುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಹುಣಸೂರಿನಲ್ಲಿ ನಮ್ಮ ಮನೆ ಪಕ್ಕದ ಗೋಡೌನಿನಲ್ಲಿ ಬಣ್ಣ, ಗುಣ ನೋಡಿ ಸೊಪ್ಪನ್ನು ಗ್ರೇಡ್ ಮಾಡುವ ಹೆಂಗಸರಿಗೆ ಒಬ್ಬಳು ಮೇಸ್ತ್ರಿ ಇದ್ದಳು. ಏನು ಕೇಳಿದರೂ ಎಲೆಯನ್ನು ಮೂಗಿಗೆ ಹಿಡಿದು, "ಕೈಗೇ ಗೊತ್ತಾಯ್ತದೆ ಬುಡಿ" ಅನ್ನುತ್ತಿದ್ದಳು.

ಎಲೆ ನೋಡಿ ಗ್ರೇಡ್ ಹೇಳುವ ಎಐ ಕ್ಯಾಮೆರಾ ಬಂದರೆ ಮೇಸ್ತ್ರಿಯ ಲೀಡರ್‌ಶಿಪ್ ಏನಾಗುತ್ತದೆ ಎಂದು ರಿಸರ್ಚ್ ಮಾಡಲು ಬಿಸಿನೆಸ್ ಸ್ಕೂಲಿನ ಹುಡುಗಿಯೊಬ್ಬಳು ಬಂದಳು. ಅವಳಿಗೆ ಕನ್ನಡ ಬಾರದು. ಕಾನ್ವೆಂಟಿನಲ್ಲಿ ಓದಿದ ನಾನೇ ಇಂಟರ್‌ಪ್ರಿಟರ್. ಮೇಸ್ತ್ರಿಯ ರಾಶಿಯಲ್ಲಿ ಹತ್ತಾರು ಎಲೆಗಳು ತಪ್ಪೆಂದು ಹುಡುಗಿ ತಂದಿದ್ದ ಕ್ಯಾಮೆರಾ ತೋರಿಸಿತು. ಯಾಕೆಂದು ಹುಡುಗಿ ಕೇಳಿದಳು.

ಮೇಸ್ತ್ರಿ ನನ್ನ ಕಿವಿಯಲ್ಲಿ, "ಅವು ನಮ್ ಜೊತೆ ಗ್ರೇಡ್ ಮಾಡೋ ಅಜ್ಜಮ್ಮನವು ಕಣಮ್ಮೋರೆ. ಅವಳ ಕಣ್ಣು ಮಂಜಾಗ್ಬುಟ್ಟದೆ. ದಿನಾ ನನ್ ರಾಸೀಗ್ ಆಕ್ಕೊಂಡು ಸರಿಮಾಡ್ತೀನಿ, ಇವತ್ತಿನ್ನೂ ಮಾಡಿಲ್ಲ. ಗೋಡೌನ್ ಯಜಮಾನ್ರು ಇಲ್ಲೇ ನಿಂತವ್ರೆ, ಗೊತ್ತಾದ್ರೆ ಅವಳ್ನ ಕೆಲ್ಸ ಬುಡಿಸ್ತಾರೆ, ನಂದೇ ತಪ್ಪು ಅನ್ನಿ" ಎಂದಳು.

ಮೇಸ್ತ್ರಿಯದೇ ಮಿಸ್ಟೇಕ್ ಎಂದು ಹುಡುಗಿಗೆ ಹೇಳಿಬಿಟ್ಟೆ. ಹುಡುಗಿ ಬರೆದುಕೊಂಡಳು. ಯಜಮಾನರು ನಕ್ಕು, "ನಮ್ ಮೇಸ್ತ್ರಿಗಿಂತ ಕ್ಯಾಮ್ರಾನೇ ವಾಸಿ ಕಣ್ರಮ್ಮ" ಎಂದರು. ಮುಂದಿನ ಸೀಸನ್ನಿಗೆ ಕ್ಯಾಮೆರಾ ತಂದರು, ಮೇಸ್ತ್ರಿಯನ್ನು ಕೆಲಸಕ್ಕೆ ಕರೆಯಲಿಲ್ಲ.

ಕೊನೆಯ ಸಲ ಅವಳನ್ನು ಕಂಡದ್ದು ಪಿರಿಯಾಪಟ್ಟಣದ ರಸ್ತೆಯಲ್ಲಿ, ಶುಂಠಿ ಕೀಳಲು ಹೊರಟ ಕೂಲಿಯವರ ಗೂಡ್ಸ್ ಆಟೋದಲ್ಲಿ.

"ಯಜಮಾನರಿಗೆ ನಿಜ ಹೇಳಿಬಿಡಲೇನೇ?" ಎಂದೆ.

"ಅಜ್ಜಮ್ಮಂಗೆ ಈಗ ಸೊಪ್ಪಿನ್ ಕಟ್ಟು ಕಟ್ಟೋ ಕೆಲ್ಸ ಕೊಟ್ಟವ್ರೆ. ಸುಮ್ಕಿರಿ ಅಮ್ಮೋರೆ," ಎಂದು ಡ್ರೈವರಿಗೆ ಹೊರಡಲು ಸನ್ನೆ ಮಾಡಿದಳು.