ಗುಂಡಿಯಲ್ಲಿ ನಿಂತ ನೀರು

ಕೃಷಿ ಯಂತ್ರಗಳನ್ನು ಪರೀಕ್ಷಿಸುವ ಅವನಿಗೆ ಗುಂಡಿಯಪ್ಪ ಎಂದೇ ಅಡ್ಡಹೆಸರು. ಗಟ್ಟಿಯಾದ ಅಡಿಮಣ್ಣನ್ನು ಸಡಿಲಿಸುವ ಯಾವ ಯಂತ್ರ ಬಂದರೂ, ಅದು ಸೀಳಿದ ಜಾಗದಲ್ಲಿ ಗುಂಡಿ ತೋಡಿ, ಒಂದು ಕೊಡ ನೀರು ಸುರಿದು, ಇಂಗುತ್ತದೋ ಇಲ್ಲವೋ ಎಂದು ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ಇಂಗದಿದ್ದರೆ ಫೇಲ್. ಯಾರು ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

ಇವತ್ತಿನ ಯಂತ್ರ ಮಗಳೇ ಮಾಡಿದ್ದು. ನೀರು ಅಲ್ಲಾಡದೆ ನಿಂತಿತ್ತು. ಹಸಿ ಮಣ್ಣಿನಲ್ಲಿ ಹಾದ ಉಕ್ಕಿನ ಗುಳ ನೆಲವನ್ನು ಬಿರಿಸುವ ಬದಲು, ಗೋಡೆಗೆ ಗಿಲಾವು ಮಾಡಿದಂತೆ ನುಣ್ಣಗೆ ಸವರಿಬಿಟ್ಟಿತ್ತು.

“ಮಣ್ಣು ಹಸಿ ಇತ್ತಮ್ಮ. ಒಣಗಲಿ, ಇನ್ನೊಂದ್ಸಲ ನೋಡೋಣ,” ಎಂದ. ಇದುವರೆಗೆ ಯಾರಿಗೂ ಕೊಡದಿದ್ದ ಇನ್ನೊಂದು ಸಲ ಅದು.

ಮಗಳು ಖಾಲಿ ಕೊಡ ಎತ್ತಿಕೊಂಡಳು. “ಫೇಲ್ ಅನ್ನಪ್ಪಾ. ಮುಂದೆ ನೀನು ಪಾಸ್ ಅಂದಾಗ ನಾನು ನಂಬೋದು ಬೇಡ್ವಾ?”