ಆರನೇ ಎಲೆ

“ಆರ್ನೇ ಎಲೆ ಯಾರ್ಗವ್ವಾ ಇಕ್ದೆ?” ಅಜ್ಜಿಯ ಕೂಗಿಗೆ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಕಿಕ್ಕೇರಿ ಹತ್ತಿರದ ನನ್ನ ಗಂಡನ ಮನೆಯಲ್ಲಿ ಅಂದು ಪಿತೃಪಕ್ಷದ ಎಡೆ. ಊರೂರಿನ ಮಿಲಿಟರಿ ಕ್ವಾರ್ಟರ್ಸಿನಲ್ಲೇ ವರ್ಷಗಳನ್ನು ಕಳೆದ ನಾನು ಎಡೆ ಇಡಲು ಬಂದದ್ದು ಇದೇ ಮೊದಲು. ಆದರೂ ಮಗಳಿಗೆ ಮುಂದೆ ತಿಳಿದಿರಲೆಂದು ಈ ಮನೆತನದ ಹೆಸರುಗಳನ್ನೆಲ್ಲ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು ನಾನೇ. ಅದನ್ನು ನೋಡಿಕೊಂಡು ತೀರಿಹೋದ ಒಬ್ಬೊಬ್ಬರಿಗೂ ಒಂದು ಬಾಳೆ ಎಲೆ ಹಾಕಿದ್ದೆ. ಆರನೆಯದು ಅಜ್ಜಿಯ ಕಿರಿಮಗನಿಗೆ, ಅಂದರೆ ನನ್ನ ಗಂಡನ ಚಿಕ್ಕಪ್ಪನಿಗೆ. ನನ್ನ ಗಂಡನಂತೆ ಅವರೂ ಸೈನಿಕರು. ಕಾಣೆಯಾಗಿದ್ದಾರೆಂದು ಒಮ್ಮೆ ಕಾಗದ ಬಂದಿತ್ತಂತೆ, ಆಮೇಲೆ ಸುದ್ದಿಯೇ ಇಲ್ಲ. ಇಷ್ಟು ವರ್ಷವಾಯಿತಲ್ಲ ಎಂದು ಅವರ ಹೆಸರಿನ ಮುಂದೆ ‘ದಿವಂಗತ’ ಎಂದು ನಾನೇ ಬರೆದುಕೊಂಡಿದ್ದೆ.

ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಆ ಎಲೆಯನ್ನು ಎತ್ತಿದರು. ನಾವೆಲ್ಲ ಉಣ್ಣಲು ಕೂರುವ ಸಾಲಿನಲ್ಲಿ, ತಮ್ಮ ಪಕ್ಕದಲ್ಲೇ ಹಾಸಿದರು.

“ನನ್ ಮಗ ಉಣ್ಣಾಕ್ ಬರೋನು ಕಣವ್ವಾ. ಅವನ್ಗೆ ಎಡೆ ಇಕ್ಬ್ಯಾಡ.”

ನನಗೆ ಮುಖ ಎತ್ತಲಾಗಲಿಲ್ಲ. ಗಡಿಯಲ್ಲಿರುವ ಗಂಡನ ಫೋನು ಬಾರದೆ ಅಂದಿಗೆ ಐದು ದಿನವಾಗಿತ್ತು. ಬೆಳಗಿನಿಂದ ಒಲೆ ಬಿಟ್ಟು ಬಿಟ್ಟು ಮಾಳಿಗೆ ಹತ್ತಿ ಸಿಗ್ನಲ್ ಹುಡುಕುತ್ತಿದ್ದವಳು ನಾನು. ಅಂಥವಳು ಇನ್ನೊಬ್ಬರ ಮಗನನ್ನು ಎಷ್ಟು ಸಲೀಸಾಗಿ ಸಾಯಿಸಿಬಿಟ್ಟಿದ್ದೆ!

ಮರುದಿನ ಗಂಡನ ಫೋನು ಬಂತು. ಅಷ್ಟರಲ್ಲಿ ನೋಟ್‌ಬುಕ್ಕಿನ ಆ ಒಂದು ಪದವನ್ನು ಕಾಗದ ಹರಿಯುವಂತೆ ಗೀಚಿ ಹಾಕಿದ್ದೆ. ಈಗ ಎರಡು ದಿನ ಅವರ ದನಿ ಕೇಳದಿದ್ದರೆ ಸಾಕು, ಊಟಕ್ಕೆ ಕೂರುವಾಗ ನನ್ನ ಪಕ್ಕದಲ್ಲೂ ಒಂದು ತಟ್ಟೆ ಇಡುತ್ತೇನೆ.