ಈ ಸಲ ಬೆಳಗಬೇಕಿತ್ತು

ಬೇಗೂರಿನ ದೊಡ್ಡಮ್ಮನಿಗೆ ವಾಸಿಯಾಗಿದ್ದ ಸ್ತನ ಕ್ಯಾನ್ಸರ್ ವರ್ಷಗಳ ಮೇಲೆ ಬೆನ್ನುಮೂಳೆಯಲ್ಲಿ ಮತ್ತೆ ಕಾಣಿಸಿಕೊಂಡಿತು. ನಾನು ಚಾಮರಾಜನಗರದಲ್ಲಿ ಪತ್ರಿಕೆಯ ವರದಿಗಾರ. ಡಾಕ್ಟರನ್ನು ಪ್ರಶ್ನೆ ಕೇಳಲು ಬರುತ್ತದೆಂದು ಅವಳ ಜೊತೆ ಬೆಂಗಳೂರಿಗೆ ಓಡಾಡುವುದನ್ನು ಮನೆಯವರು ನನಗೇ ಬಿಟ್ಟರು.

ಡಾಕ್ಟರ್ ಹೇಳಿದ್ದಿಷ್ಟು. ಗಡ್ಡೆಗೆ ಹಾರ್ಮೋನ್ ಹಿಡಿದುಕೊಳ್ಳುವ ಗುಣ ಇನ್ನೂ ಇದ್ದರೆ ಮಾತ್ರೆಯಿಂದ ಶುರು ಮಾಡಬಹುದು, ಇಲ್ಲದಿದ್ದರೆ ಕಿಮೊ. ಬೆನ್ನುಮೂಳೆಯಿಂದ ಚೂರು ತೆಗೆದು ನೋಡುವುದು ಕಷ್ಟ. ಹಾರ್ಮೋನಿನಂಥದೇ ಔಷಧಿಯನ್ನು ಚುಚ್ಚಿ ಸ್ಕ್ಯಾನ್ ಮಾಡಿದರೆ, ಅದನ್ನು ಹಿಡಿದುಕೊಂಡ ಜಾಗ ಬೆಳಗುತ್ತದೆ.

ಹಿಂದಿನ ಸ್ಕ್ಯಾನಿನಲ್ಲಿ ಬೆಳಗಿದ ಚುಕ್ಕೆಗಳೇ ಕಾಯಿಲೆ ಮರಳಿದ್ದನ್ನು ತಿಳಿಸಿದ್ದವು. ಈಗ ಅವೇ ಬೆಳಗಲಿ ಎಂದು ಬೇಡಿಕೋ ಎಂದು ದೊಡ್ಡಮ್ಮನಿಗೆ ಹೇಳಿದೆ.

“ಅವತ್ತು ಉರುದ್ರ ಕೆಟ್ಟದು, ಇವತ್ತು ಉರುದ್ರ ಒಳ್ಳೇದು. ನಿಮ್ ಪೇಪರ್‌ನೋರ ಮಾತಿದ್ದಂಗದ ಕನಾ ಮೊಗ.”

ಸ್ಕ್ಯಾನ್ ಕೋಣೆಯ ಹುಡುಗಿ ಓಲೆ, ಬಳೆ ತೆಗೆಸಿದಳು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಉಳಿಯಿತು.

“ಅದನ್ನೂ ತೆಗೀರಿ ಅಮ್ಮ. ಲೋಹ ಇದ್ರೆ ಚಿತ್ರ ಕೆಡುತ್ತೆ.”

“ಮೈಯಿಂದ ಲಿಂಗ ಅಗಲಂಗಿಲ್ಲ ಕವ್ವ. ಓದ್ಸಲ ಇವನ ಕೈಗ ಕೊಟ್ಟು ಮಲಗ್ದೆ. ಏನಾಯ್ತು ಅಂತ ನೋಡ್ದಲ್ಲ.”

ಲಿಂಗ ತೆಗೆದದ್ದಕ್ಕೂ ಕಾಯಿಲೆ ಮರಳಿದ್ದಕ್ಕೂ ಸಂಬಂಧವಿಲ್ಲ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಗಡಿಯಾರದತ್ತ ತಿರುಗಿದೆ. ಚುಚ್ಚುಮದ್ದು ಆಗಲೇ ಮೈಗೆ ಸೇರಿತ್ತು. ಅದರ ಶಕ್ತಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

“ಮಲಗ್ದಾಗ ಕೈ ಎಲ್ಲಿಡಬೇಕು?” ಎಂದು ದೊಡ್ಡಮ್ಮನೇ ಕೇಳಿದಳು.

“ತಲೆ ಮೇಲಕ್ಕೆ ಚಾಚಿ. ಕೈ ಚಿತ್ರದಲ್ಲಿ ಬರಲ್ಲ.”

“ಅಂಗಾದ್ರ ಅಂಗೈಲಿರ್ಲಿ ಬುಡು. ದಿನಾ ಪೂಜೆಲಿ ಕೂರೂದೂ ಅಲ್ಲೇಯ.”

ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಆಗಬಹುದೆಂದು ತಲೆಯಾಡಿಸಿದಳು. ದೊಡ್ಡಮ್ಮ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದಳು. ಬರಿಯ ಕರಡಿಗೆ ನನ್ನ ಕೈಗೆ ಬಂತು. ಅವಳ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಹೊರಗಿನ ಬೆಂಚಿನಲ್ಲಿ ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಕೂತೆ. ನಾನು ಪೂಜೆ ಬಿಟ್ಟು ಬಹಳ ಕಾಲವಾಗಿದೆ.

ಮರುದಿನ ಡಾಕ್ಟರ್ ಪರದೆ ತಿರುಗಿಸಿ ತೋರಿಸಿದರು. ಬೆನ್ನುಮೂಳೆಯ ಉದ್ದಕ್ಕೂ ಚುಕ್ಕೆಗಳು ಬೆಳಗಿದ್ದವು. ಒಂದು ಮಾತ್ರ ಮಸುಕು. ಅದರ ಮೇಲೆ ಕಣ್ಣಿಡೋಣ, ಸದ್ಯಕ್ಕೆ ಮಾತ್ರೆ ಕೊಡೋಣ ಎಂದರು. ಇದು ವಾಸಿಯಾಗುವ ಮಾತಲ್ಲ, ತಡೆದು ಹಿಡಿಯುವ ಮಾತು ಎಂದೂ ಹೇಳಿದರು. ದೊಡ್ಡಮ್ಮ ಪರದೆಯ ಮೇಲಂಚನ್ನೇ ನೋಡುತ್ತಿದ್ದಳು.

“ನನ್ ಕೈ ಎಲ್ಲಿ ಅದ ಮೊಗ?”

“ಚಿತ್ರದೊಳಕ್ಕೆ ಬಂದಿಲ್ಲ ದೊಡ್ಡಮ್ಮ.”

“ಬರ್ದಿದ್ರ ಬುಡು. ಅಲ್ಲೇ ಇತ್ತಲ್ಲ,” ಎಂದು ಎದೆಯ ಮೇಲಿನ ಕರಡಿಗೆ ಮುಟ್ಟಿಕೊಂಡಳು.